ಯಾರಿದು ಎಂದು ಕೇಳುವವರು ಯಾರು? ಅಂತರ್ಜಾಲ ವಿಳಾಸಗಳ ನೋಂದಣಿ ಪುಸ್ತಕ ಮತ್ತು ಖಾಸಗಿತನ



ಅಂತರ್ಜಾಲ ಎಂಬ ಮಾತು ಜನರ ಬಾಯಿಗೆ ಬರುವುದಕ್ಕೂ ಮೊದಲೇ ಅದಕ್ಕೊಂದು ವಿಳಾಸ ಪುಸ್ತಕವಿತ್ತು. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುತ್ತಿದ್ದ ಅರ್ಪಾನೆಟ್ ಜಾಲದ ಬಳಕೆದಾರರ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಒಟ್ಟುಗೂಡಿಸಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯ ಮಾಹಿತಿ ಕೇಂದ್ರ ಅಚ್ಚು ಹಾಕಿಸುತ್ತಿತ್ತು. 1970ರ ದಶಕದಲ್ಲಿ ಆ ಕೇಂದ್ರವನ್ನು ಕಟ್ಟಿ ಬೆಳೆಸಿದವರು ಎಲಿಜಬೆತ್ ಫೈನ್ಲರ್. ಯಾರ ಯಂತ್ರ ಎಲ್ಲಿದೆ, ಅದು ಕೆಟ್ಟರೆ ಯಾರಿಗೆ ಫೋನು ಮಾಡಬೇಕು ಎಂಬುದೆಲ್ಲ ಅವರ ಪುಸ್ತಕದಲ್ಲಿ ಸಿಗುತ್ತಿತ್ತು.

ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಹಳತಾಗಿರುತ್ತದೆ. ಹಾಗಾಗಿ 1982ರ ಮಾರ್ಚ್‌ನಲ್ಲಿ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಒಂದು ಸಣ್ಣ ತಾಂತ್ರಿಕ ಟಿಪ್ಪಣಿ ಹೊರಡಿಸಿದರು. ಆರ್‌ಎಫ್‌ಸಿ 812 ಎಂಬುದು ಅದರ ಸಂಖ್ಯೆ. ಅದು ಹೇಳಿದ ಏರ್ಪಾಡು ಸರಳ: ದೂರದ ಯಂತ್ರದ 43ನೇ ಬಾಗಿಲನ್ನು ತಟ್ಟಿ ಒಂದು ಹೆಸರು ಹೇಳಿದರೆ, ಆ ವ್ಯಕ್ತಿಯ ಪೂರ್ತಿ ಹೆಸರು, ಅಂಚೆ ವಿಳಾಸ, ದೂರವಾಣಿ, ಜಾಲದ ಅಂಚೆಪೆಟ್ಟಿಗೆ ಎಲ್ಲವೂ ಪರದೆಯ ಮೇಲೆ ಬಂದು, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಜಾಲದಲ್ಲಿ ಸಂದೇಶ ಕಳಿಸಬಲ್ಲ ಪ್ರತಿಯೊಬ್ಬರೂ ಈ ದಾಖಲೆಯಲ್ಲಿ ಹೆಸರು ಬರೆಸಬೇಕೆಂದು ಜಾಲ ನೋಡಿಕೊಳ್ಳುತ್ತಿದ್ದ ಸೇನಾ ಸಂಪರ್ಕ ಸಂಸ್ಥೆ ಕೋರಿತ್ತು. ಸೇವೆಗೆ ಕೊಟ್ಟ ಹೆಸರು 'ಹೂಈಸ್', ಅಂದರೆ 'ಯಾರಿದು'.

ಇಲ್ಲೊಂದು ಸಣ್ಣ ಸಂಗತಿ ಇದೆ. ಇಡೀ ಮುಂದಿನ ಕಥೆ ಅದರ ಮೇಲೆ ನಿಂತಿದೆ. 1982ರ ಆ ದಾಖಲೆಯಲ್ಲಿದ್ದವರು ಬಹುಪಾಲು ವಿಶ್ವವಿದ್ಯಾಲಯ, ಸೇನೆ ಮತ್ತು ರಕ್ಷಣಾ ಗುತ್ತಿಗೆ ಕಂಪನಿಗಳ ನೌಕರರು. ಅವರು ಬರೆಸಿದ್ದು ಕಚೇರಿಯ ವಿಳಾಸ, ಮೇಜಿನ ಮೇಲಿನ ಫೋನಿನ ನಂಬರು. ಆ ಪುಸ್ತಕವನ್ನು ತೆರೆದು ನೋಡುವವರೂ ಅದೇ ಪುಸ್ತಕದಲ್ಲಿದ್ದವರೇ. ಕೇಳುವವರಿಗೂ ಕೇಳಿಸಿಕೊಳ್ಳುವವರಿಗೂ ಒಂದೇ ಹಾಜರಿ ಪಟ್ಟಿ. ಅಂಥ ಊರಿನಲ್ಲಿ ಮನೆ ಬಾಗಿಲಿಗೆ ಹೆಸರು ಹಲಗೆ ಹಾಕುವುದರಲ್ಲಿ ಯಾರಿಗೂ ಅಳುಕು ಇರಲಿಲ್ಲ.

ಊರು ಬೆಳೆಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. 1985ರ ಮಾರ್ಚ್ 15ರಂದು ಮೊದಲ ಡಾಟ್ ಕಾಂ ಹೆಸರು ಮ್ಯಾಸಚೂಸೆಟ್ಸ್‌ನ ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಯ ಪಾಲಾಯಿತು. 1995ರಲ್ಲಿ ನೋಂದಣಿಗೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂತು. ಶುಲ್ಕ ಬಂದಮೇಲೆ ಅದು ಅಂಗಡಿ ವ್ಯಾಪಾರ: ದುಡ್ಡು ಕೊಟ್ಟವರಿಗೆಲ್ಲ ಹೆಸರು. ಕವಿತೆ ಹಾಕಿಕೊಳ್ಳಲು ಪುಟ ಬೇಕಾದ ವಿದ್ಯಾರ್ಥಿ, ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವ ಗೃಹಿಣಿ, ಸರ್ಕಾರವನ್ನು ಟೀಕಿಸುವ ಬರಹಗಾರ, ಎಲ್ಲರೂ ಬಂದರು. ಅವರಿಗೆ ಪ್ರತ್ಯೇಕ ಕಚೇರಿ ಇರಲಿಲ್ಲ. ನಮೂನೆಯಲ್ಲಿ ವಿಳಾಸ ಎಂದಿದ್ದ ಕಡೆ ಮನೆಯ ವಿಳಾಸವನ್ನೇ ತುಂಬಿದರು. 43ನೇ ಬಾಗಿಲು ಮಾತ್ರ 1982ರಲ್ಲಿ ಹೇಗಿತ್ತೋ ಹಾಗೇ ತೆರೆದುಕೊಂಡಿತ್ತು.

1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿ ಈ ಹೆಸರುಗಳ ಉಸ್ತುವಾರಿ ವಹಿಸಿಕೊಂಡಿತು. ಡಾಟ್ ಕಾಂ, ಡಾಟ್ ಆರ್ಗ್ ಮೊದಲಾದ ಹೆಸರುಗಳನ್ನು ಮಾರುವ ರಿಜಿಸ್ಟ್ರಾರ್ ಕಂಪನಿಗಳೊಂದಿಗೆ ಅದು ಮಾಡಿಕೊಂಡ ಒಪ್ಪಂದದಲ್ಲಿ ಹಳೆಯ ಪದ್ಧತಿ ಕರಾರಿನ ಶರತ್ತಾಗಿ ಗಟ್ಟಿಯಾಯಿತು. ಹೆಸರಿನ ಒಡೆಯರ ವಿವರದ ಜೊತೆಗೆ ಆಡಳಿತದ ಸಂಪರ್ಕ ಯಾರು, ತಾಂತ್ರಿಕ ಸಂಪರ್ಕ ಯಾರು ಎಂಬುದನ್ನೂ ಅಂಚೆ ವಿಳಾಸ, ಫೋನು, ಇ-ಮೇಲ್ ಸಹಿತ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. 2001ರ ಒಪ್ಪಂದದಲ್ಲಿ ಇನ್ನೊಂದು ಕಲಮು ಇತ್ತು: ಯಾರಾದರೂ ಕೇಳಿದರೆ ರಿಜಿಸ್ಟ್ರಾರ್ ತನ್ನ ಇಡೀ ಗ್ರಾಹಕರ ಪಟ್ಟಿಯನ್ನು ಸಗಟಾಗಿ ಕೊಡಬೇಕು, ಅದಕ್ಕೆ ವರ್ಷಕ್ಕೆ 10,000 ಡಾಲರಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಸಗಟು ಜಾಹೀರಾತಿಗೆ ಬಳಸಬಾರದು ಎಂಬ ಷರಾ ಅದರ ಕೆಳಗೇ ಇತ್ತು ಎಂಬುದನ್ನೂ ಹೇಳಬೇಕು. ಷರಾ ಕಾಗದದಲ್ಲಿ ಉಳಿಯಿತು, ಪಟ್ಟಿ ಹೊರಗೆ ಹೋಯಿತು.

ಏನಾಗಬೇಕಿತ್ತೋ ಅದೇ ಆಯಿತು. ಹೆಸರಿನ ಅವಧಿ ಮುಗಿಯುವ ದಿನ ಕೂಡ ಹೂಈಸ್ ದಾಖಲೆಯಲ್ಲಿರುತ್ತದೆ. ಅದನ್ನು ನೋಡಿಕೊಂಡು ಥೇಟ್ ನವೀಕರಣದ ಬಿಲ್ಲಿನಂತೆ ಕಾಣುವ ಕಾಗದಗಳನ್ನು ಅಂಚೆಯಲ್ಲಿ ಕಳಿಸಿ, ಹಣ ಕಟ್ಟಿದವರ ಹೆಸರುಗಳನ್ನು ತಮ್ಮ ಕಡೆಗೆ ವರ್ಗಾಯಿಸಿಕೊಳ್ಳುವ ದಂಧೆ ಶುರುವಾಯಿತು. ಇಂಥ ಒಂದು ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲೇ ಕ್ರಮ ಕೈಗೊಂಡಿತು. ದಂಧೆ ನಿಲ್ಲಲಿಲ್ಲ. ಐಕ್ಯಾನ್ ತಾನೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಿಂದ ಮಾಡಿಸಿದ ಅಧ್ಯಯನವೊಂದರಲ್ಲಿ, ಉತ್ತರಿಸಿದ ನೋಂದಣಿದಾರರ ಪೈಕಿ ನೂರಕ್ಕೆ ಸುಮಾರು 44 ಮಂದಿ ತಮ್ಮ ವಿವರ ಒಂದಲ್ಲ ಒಂದು ಬಗೆಯಲ್ಲಿ ದುರ್ಬಳಕೆಯಾಗಿದೆ ಎಂದರು. ಬಹುತೇಕರ ಪಾಡು ಬೇಡದ ಮೇಲ್, ಬೇಡದ ಫೋನು. ಕೆಲವರದು ಅದಕ್ಕಿಂತ ಘೋರ. ಜಾಲದಲ್ಲಿ ದ್ವೇಷಕ್ಕೆ ಗುರಿಯಾದ ಹೆಂಗಸರ ಮನೆ ವಿಳಾಸ ಹುಡುಕಲು ಕಿಡಿಗೇಡಿಗಳಿಗೆ ಪತ್ತೇದಾರಿಕೆ ಬೇಕಿರಲಿಲ್ಲ, 43ನೇ ಬಾಗಿಲು ಸಾಕಿತ್ತು.

ಇದಕ್ಕೆ ಮಾರುಕಟ್ಟೆ ಕಂಡುಕೊಂಡ ಮದ್ದೂ ಮಾರುಕಟ್ಟೆಯದೇ. ಗ್ರಾಹಕರ ಬದಲು ತಮ್ಮ ಹೆಸರನ್ನು ದಾಖಲೆಯಲ್ಲಿ ಬರೆಸಿಕೊಳ್ಳುವ ಬೇನಾಮಿ ಸೇವೆಗಳು ಈ ಶತಮಾನದ ಮೊದಲ ವರ್ಷಗಳಲ್ಲೇ ಹುಟ್ಟಿದವು. ಹೆಸರಿಗೊಂದು ಬೆಲೆ, ಹೆಸರನ್ನು ಮುಚ್ಚಿಡುವುದಕ್ಕೆ ವರ್ಷ ವರ್ಷ ಇನ್ನೊಂದು ಬೆಲೆ. ಒಂದೇ ಅಂಗಡಿಯವನು ಬಾಗಿಲ ಪರದೆಯನ್ನು ಕಿತ್ತುಹಾಕಿ, ಮರುದಿನ ಅದೇ ಪರದೆಯನ್ನು ಬಾಡಿಗೆಗೆ ಕೊಟ್ಟಂತೆ. ದುಡ್ಡು ಕೊಡಲಾಗದವರು ಸುಳ್ಳು ಬರೆದರು. ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದ ನಾರ್ಕ್ ಎಂಬ ಸಂಶೋಧನಾ ಸಂಸ್ಥೆ ಐಕ್ಯಾನ್‌ಗಾಗಿ ಒಂದು ಮಾದರಿಯನ್ನು ಪರಿಶೀಲಿಸಿ 2010ರಲ್ಲಿ ವರದಿ ಕೊಟ್ಟಾಗ, ಎಲ್ಲ ಒರೆಗಳಿಗೂ ನಿಂತ ದಾಖಲೆಗಳು ನೂರಕ್ಕೆ 23 ಮಾತ್ರ. ಎಲ್ಲರಿಗೂ ತೆರೆದಿಟ್ಟ ಪುಸ್ತಕದ ಸ್ಥಿತಿ ಇದು. ಪ್ರಾಮಾಣಿಕರು ಅದರಲ್ಲಿ ಮನೆಯ ವಿಳಾಸ ಬರೆದು ಕಾಟ ಅನುಭವಿಸಿದರು. ಅಂಜಿದವರು ಅರ್ಧ ಬರೆದರು. ಕಳ್ಳರು ಮೊದಲ ದಿನದಿಂದಲೂ ಕಟ್ಟುಕಥೆ ಬರೆದರು.

ಸಭಿಕರೇ, ಇಷ್ಟು ಕೇಳಿದಮೇಲೆ ಆ ಪುಸ್ತಕವನ್ನು ಮುಚ್ಚಿಬಿಡುವುದೇ ಸರಿ ಎಂದು ತೋರುವುದು ಸಹಜ. ಆದರೆ ಪುಸ್ತಕಕ್ಕೆ ಕೆಲಸವೇ ಇರಲಿಲ್ಲ ಎಂದಲ್ಲ.

ಬ್ಯಾಂಕಿನ ಹೆಸರನ್ನೇ ಹೋಲುವ ನಕಲಿ ತಾಣ ಬೆಳಿಗ್ಗೆ ಹುಟ್ಟಿ ಸಂಜೆಗೆ ನೂರಾರು ಖಾತೆ ಬರಿದು ಮಾಡುವ ಲೋಕದಲ್ಲಿ, ಆ ಹೆಸರು ಯಾವಾಗ ನೋಂದಣಿಯಾಯಿತು, ಯಾವ ರಿಜಿಸ್ಟ್ರಾರ್ ಮೂಲಕ, ಯಾವ ಇ-ಮೇಲ್‌ನಿಂದ ಎಂಬುದು ತನಿಖೆಯ ಮೊದಲ ಎಳೆ. ವಂಚಕ ಕೊಟ್ಟ ಹೆಸರು ಸುಳ್ಳಾದರೂ ಅದೇ ಸುಳ್ಳು ಇ-ಮೇಲ್ ಇನ್ನೂ ಇನ್ನೂರು ಹೆಸರುಗಳ ಮೇಲೆ ಇದ್ದರೆ, ಇನ್ನೂರನ್ನೂ ಒಂದೇ ದಿನ ಹಿಡಿದು ನಿಲ್ಲಿಸಬಹುದು. ಭದ್ರತಾ ಸಂಶೋಧಕರು ಹೂಈಸ್ ಬಗ್ಗೆ ಇಂದಿಗೂ ನಿಟ್ಟುಸಿರು ಬಿಡುವುದು ಈ ಕಾರಣಕ್ಕೆ. ಸುಳ್ಳಿಗೂ ಒಂದು ಕೈಬರಹ ಇರುತ್ತದೆ, ಅದನ್ನು ಗುರುತಿಸಲು ಹತ್ತು ಕಾಗದ ಅಕ್ಕಪಕ್ಕ ಇಟ್ಟು ನೋಡಬೇಕು ಎಂಬುದು ಅವರ ವಾದದ ತಿರುಳು.

ಆಫ್ರಿಕಾದ ಒಂದು ಪ್ರಕರಣ ಇನ್ನೂ ಸ್ವಾರಸ್ಯಕರ. ಡೊಮೇನ್ ಹೆಸರಿನಂತೆ, ಜಾಲಕ್ಕೆ ಸೇರಿದ ಯಂತ್ರಗಳ ಗುರುತಾದ ಐಪಿ ಸಂಖ್ಯೆಗಳಿಗೂ ನೋಂದಣಿ ಪುಸ್ತಕಗಳಿವೆ. ಜಗತ್ತನ್ನು ಐದು ವಲಯ ಮಾಡಿ ಐದು ಸಂಸ್ಥೆಗಳು ಅವನ್ನು ಇಟ್ಟುಕೊಂಡಿವೆ. ಆಫ್ರಿಕಾದ ಪುಸ್ತಕ ಮಾರಿಷಸ್‌ನಲ್ಲಿರುವ ಆಫ್ರಿನಿಕ್ ಬಳಿ ಇದೆ. ಹಳೆಯ ಬಗೆಯ ಐಪಿ ಸಂಖ್ಯೆಗಳು ಮುಗಿಯುತ್ತ ಬಂದಂತೆ ಅವಕ್ಕೆ ಒಂದೊಂದಕ್ಕೆ ಇಷ್ಟು ಡಾಲರ್ ಎಂಬಂತೆ ಬೆಲೆ ಬಂತು. ಯಾರೂ ಬಳಸದೆ ಮಲಗಿದ್ದ ಸಂಖ್ಯೆಗಳ ಒಡೆತನ ಸದ್ದಿಲ್ಲದೆ ಬೇರೆ ಹೆಸರಿಗೆ ಬದಲಾಗತೊಡಗಿತು. ಇದನ್ನು ಬಯಲಿಗೆ ತಂದವರು ಪೊಲೀಸರಲ್ಲ. ಕ್ಯಾಲಿಫೋರ್ನಿಯಾದ ಒಬ್ಬ ಸ್ವತಂತ್ರ ಸಂಶೋಧಕ ಮತ್ತು ದಕ್ಷಿಣ ಆಫ್ರಿಕಾದ ಒಬ್ಬ ಪತ್ರಕರ್ತ, 2019ರಲ್ಲಿ, ಹಳೆಯ ಮತ್ತು ಹೊಸ ನೋಂದಣಿ ದಾಖಲೆಗಳನ್ನು ಸಾಲು ಸಾಲಾಗಿ ತಾಳೆ ನೋಡಿ ಇದನ್ನು ಹೊರಗೆಳೆದರು. ಆಫ್ರಿನಿಕ್ 2021ರ ಆರಂಭದಲ್ಲಿ ಹೊರತಂದ ತನ್ನದೇ ಪರಿಶೋಧನಾ ವರದಿಯ ಲೆಕ್ಕದಂತೆ, ಹೀಗೆ ಕೈ ಜಾರಿದ ಅಥವಾ ಕೆಡಿಸಲಾದ ಸಂಖ್ಯೆಗಳು ಸುಮಾರು 41 ಲಕ್ಷ. ಹಳ್ಳಿಯಲ್ಲಿ ಗೋಮಾಳದ ಪಹಣಿ ತಿದ್ದುವುದು ಹೇಗೋ ಹಾಗೆ.

ಪಹಣಿಯ ಮಾತು ಬಂದದ್ದು ಒಳ್ಳೆಯದಾಯಿತು. ಕರ್ನಾಟಕದ ಯಾವುದೇ ಜಮೀನಿನ ಸರ್ವೆ ನಂಬರು ಗೊತ್ತಿದ್ದವರು ಭೂಮಿ ತಂತ್ರಾಂಶದಲ್ಲಿ ಅದರ ಒಡೆಯರ ಹೆಸರು, ವಿಸ್ತೀರ್ಣ ನೋಡಬಹುದು. ಇದನ್ನು ಖಾಸಗಿತನದ ಉಲ್ಲಂಘನೆ ಎಂದು ಯಾರೂ ಅಷ್ಟಾಗಿ ದೂರುವುದಿಲ್ಲ. ಕೊಳ್ಳುವವನಿಗೆ ಮಾರುವವನ ಹಕ್ಕು ಗೊತ್ತಾಗಬೇಕು, ಒಂದೇ ಜಮೀನನ್ನು ಇಬ್ಬರಿಗೆ ಮಾರುವುದು ತಪ್ಪಬೇಕು ಎಂಬ ಉದ್ದೇಶ ಎಲ್ಲರಿಗೂ ಒಪ್ಪಿತ. ಹಾಗಿದ್ದೂ ಒಂಬತ್ತನೇ ಕಾಲಂನಲ್ಲಿ ಒಡೆಯರ ಹೆಸರಿದೆಯೇ ಹೊರತು ಅವರ ಫೋನ್ ನಂಬರಾಗಲಿ ಅವರು ಮಲಗುವ ಮನೆಯ ಬಾಗಿಲ ಸಂಖ್ಯೆಯಾಗಲಿ ಇಲ್ಲ. ಹಕ್ಕು ತಿಳಿಯಲು ಅವು ಬೇಕಿಲ್ಲ. ಮಣ್ಣಿನ ಪುಸ್ತಕಕ್ಕೆ ಇರುವ ಈ ಮಿತಿ ಅಂತರ್ಜಾಲದ ಪುಸ್ತಕಕ್ಕೆ 36 ವರ್ಷ ಇರಲಿಲ್ಲ.

ಆಫ್ರಿಕಾದ ಪ್ರಕರಣವನ್ನೇ ಇನ್ನೊಮ್ಮೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಕಳವು ಸಿಕ್ಕಿಬಿದ್ದದ್ದು ಯಾರ ಮನೆಯ ಫೋನಿನಿಂದಲೂ ಅಲ್ಲ. ಸಂಸ್ಥೆಗಳ ಹೆಸರು, ಅವು ಬದಲಾದ ದಿನಾಂಕ, ಬದಲಾವಣೆಯ ಸರಣಿ ಇಷ್ಟು ಸಾಕಾಯಿತು. ಹೂಈಸ್ ಮಾಡಿದ ತಪ್ಪೆಂದರೆ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಟ್ಟದ್ದು. ಈ ವಿಳಾಸ ಯಾರ ಹೊಣೆಯಲ್ಲಿದೆ ಎಂಬುದು ಒಂದು. ತೊಂದರೆಯಾದರೆ ಸುದ್ದಿ ಮುಟ್ಟಿಸುವುದು ಹೇಗೆ ಎಂಬುದು ಇನ್ನೊಂದು. ಆ ಮನುಷ್ಯ ಎಲ್ಲಿ ವಾಸವಾಗಿದ್ದಾನೆ ಎಂಬುದು ಮೂರನೆಯದು. ಮೊದಲೆರಡನ್ನು ಕೇಳಿದವರಿಗೂ ಮೂರನೆಯದು ಪುಕ್ಕಟೆಯಾಗಿ ಸಿಗುತ್ತಿತ್ತು.

ಯುರೋಪು ಈ ಮಾತನ್ನು ಬಹಳ ಮುಂಚೆ ಹೇಳಿತ್ತು. ಯುರೋಪಿನ ದತ್ತಾಂಶ ಸಂರಕ್ಷಣಾ ಅಧಿಕಾರಿಗಳ ಕಾರ್ಯತಂಡ 2003ರಲ್ಲೇ ಹೂಈಸ್ ಬಗ್ಗೆ ಅಭಿಪ್ರಾಯ ಕೊಟ್ಟು, ಉದ್ದೇಶಕ್ಕೆ ಮೀರಿದ ಪ್ರಕಟಣೆ ಕಾನೂನಿಗೆ ಹೊಂದುವುದಿಲ್ಲ ಎಂದು ಎಚ್ಚರಿಸಿತ್ತು. ಐಕ್ಯಾನ್ ಸಭೆ ನಡೆಸಿತು, ಸಮಿತಿ ಮಾಡಿತು, ಸಮಿತಿಯ ವರದಿ ಪರಿಶೀಲಿಸಲು ಇನ್ನೊಂದು ಸಮಿತಿ ಮಾಡಿತು. ಹದಿನೈದು ವರ್ಷ ಹೀಗೆ ಕಳೆಯಿತು. ಐಕ್ಯಾನ್ ಕರಾರಿಗೆ ಒಳಪಡದ ದೇಶಸೂಚಕ ಹೆಸರುಗಳು ಈ ನಡುವೆ ತಮ್ಮ ದಾರಿ ಹಿಡಿದವು. ಡಾಟ್ ಯುಕೆಯಲ್ಲಿ ವ್ಯಾಪಾರ ಮಾಡದ ವ್ಯಕ್ತಿಗಳು ವಿಳಾಸ ಮುಚ್ಚಿಡಬಹುದಿತ್ತು. ಕೆನಡಾ 2008ರ ಜೂನ್‌ನಲ್ಲಿ ವ್ಯಕ್ತಿಗಳ ವಿವರ ತಾನಾಗಿಯೇ ಮರೆಯಾಗುವಂತೆ ಮಾಡಿತು. ಆಕಾಶ ಕಳಚಿ ಬೀಳಲಿಲ್ಲ.

2015ರಲ್ಲಿ ಐಕ್ಯಾನ್ ಕಾರ್ಯತಂಡವೊಂದು, ವ್ಯಾಪಾರ ನಡೆಸುವ ತಾಣಗಳಿಗೆ ಬೇನಾಮಿ ಸೇವೆ ನಿಷೇಧಿಸಬಹುದೇ ಎಂಬ ಪ್ರಶ್ನೆಯನ್ನು ಸಾರ್ವಜನಿಕರ ಮುಂದಿಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆ ಬಂದವು. ಮನೆಯಿಂದಲೇ ಕುಸುರಿ ಕೆಲಸ ಮಾಡಿ ಮಾರುವವಳ ವಿಳಾಸವನ್ನು ಅವಳು ಯಾರಿಂದ ತಪ್ಪಿಸಿಕೊಂಡು ಬಂದಳೋ ಆ ಹಳೆಯ ಗಂಡನ ಕೈಗೆ ಕೊಡಬೇಡಿ ಎಂಬ ಬಗೆಯ ಮಾತು ಅವುಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ಪ್ರಸ್ತಾವ ಕೈಬಿಡಲಾಯಿತು. ವ್ಯಾಪಾರ ಎಂದರೆ ಯಾವುದು, ವ್ಯಕ್ತಿ ಎಂದರೆ ಯಾರು ಎಂಬ ಗೆರೆ ಎಷ್ಟು ಸೂಕ್ಷ್ಮ ಎಂಬುದು ಆ ಗಲಾಟೆಯಲ್ಲಿ ಗೊತ್ತಾಯಿತು.

ಕೊನೆಗೆ ಬಂದದ್ದು ಜಿಡಿಪಿಆರ್. ಯುರೋಪಿನ ಒಕ್ಕೂಟ 2016ರಲ್ಲಿ ಅಂಗೀಕರಿಸಿದ ಈ ದತ್ತಾಂಶ ಸಂರಕ್ಷಣಾ ಕಾನೂನು ಜಾರಿಗೆ ಬಂದದ್ದು 2018ರ ಮೇ 25ರಂದು. ತಪ್ಪಿದರೆ ಎರಡು ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ 4, ಯಾವುದು ದೊಡ್ಡದೋ ಅಷ್ಟರವರೆಗೆ ದಂಡ. ರಿಜಿಸ್ಟ್ರಾರ್‌ಗಳ ಸ್ಥಿತಿ ಅತ್ತ ದರಿ, ಇತ್ತ ಪುಲಿ. ವಿವರ ಪ್ರಕಟಿಸಿದರೆ ಕಾನೂನು ಮುರಿದಂತೆ, ಪ್ರಕಟಿಸದಿದ್ದರೆ ಕರಾರು ಮುರಿದಂತೆ. ನೆದರ್‌ಲೆಂಡ್ಸ್‌ನ ಡಾಟ್ ಆಮ್‌ಸ್ಟರ್‌ಡ್ಯಾಮ್ ಮತ್ತು ಡಾಟ್ ಎಫ್‌ಆರ್‌ಎಲ್ ನೋಂದಣಿ ಸಂಸ್ಥೆಗಳು 2017ರಲ್ಲೇ ಪ್ರಕಟಣೆ ನಿಲ್ಲಿಸಿ, ಆ ಕಲಮು ತಮ್ಮ ದೇಶದ ಕಾನೂನಿನಡಿ ಅಸಿಂಧು ಎಂದು ಐಕ್ಯಾನ್‌ಗೆ ತಿಳಿಸಿದ್ದವು. ಐಕ್ಯಾನ್ ಮಂಡಳಿ ಎಚ್ಚೆತ್ತು ತಾತ್ಕಾಲಿಕ ನಿಯಮಾವಳಿ ಹೊರಡಿಸಿದ್ದು ಮೇ 17ರಂದು, ಗಡುವಿಗೆ ಎಂಟೇ ದಿನ ಇರುವಾಗ. ಆಗ ಜಗತ್ತಿನಲ್ಲಿ ನೋಂದಣಿಯಾಗಿದ್ದ ಡೊಮೇನ್ ಹೆಸರುಗಳು 33 ಕೋಟಿಗೂ ಹೆಚ್ಚು.

ಜರ್ಮನಿಯ ಬಾನ್ ನಗರದ ನ್ಯಾಯಾಲಯದಲ್ಲಿ ನಡೆದದ್ದು ಈ ಇಡೀ ಪ್ರಸಂಗದ ಅತ್ಯಂತ ತಿಳಿಯಾದ ದೃಶ್ಯ. ಕಾನೂನು ಜಾರಿಯಾದ ದಿನವೇ ಐಕ್ಯಾನ್ ಅಲ್ಲಿನ ಈಪಾಗ್ ಎಂಬ ರಿಜಿಸ್ಟ್ರಾರ್ ಮೇಲೆ ದಾವೆ ಹೂಡಿತು. ಈಪಾಗ್ ಹೇಳಿದ್ದು ಇಷ್ಟೇ: ಹೆಸರು ಕೊಳ್ಳುವವರ ವಿವರ ಪಡೆಯುತ್ತೇವೆ, ಆದರೆ ಆಡಳಿತದ ಸಂಪರ್ಕ, ತಾಂತ್ರಿಕ ಸಂಪರ್ಕ ಎಂದು ಇನ್ನಿಬ್ಬರ ವಿವರ ಇನ್ನು ಕೇಳುವುದಿಲ್ಲ. ಅವನ್ನೂ ಸಂಗ್ರಹಿಸುವಂತೆ ಆದೇಶಿಸಿ ಎಂಬುದು ಐಕ್ಯಾನ್ ಕೋರಿಕೆ. ನ್ಯಾಯಾಲಯ ನಾಲ್ಕು ದಿನದಲ್ಲಿ ಕೋರಿಕೆ ತಳ್ಳಿಹಾಕಿತು. ಅದರ ತರ್ಕ ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ ಹೇಳಿದರೂ ಅರ್ಥವಾಗುವಂಥದ್ದು. ಇಷ್ಟು ದಿನ ಒಬ್ಬನೇ ಮನುಷ್ಯ ಮೂರೂ ಕಡೆ ತನ್ನದೇ ಹೆಸರು ಬರೆದರೆ ನೀವು ಒಪ್ಪಿಕೊಳ್ಳುತ್ತಿದ್ದಿರಿ. ಒಪ್ಪಿಕೊಳ್ಳುತ್ತಿದ್ದಿರೆಂದರೆ ಬೇರೆ ಇಬ್ಬರ ಹೆಸರು ನಿಮಗೆ ನಿಜವಾಗಿ ಅಗತ್ಯವಿರಲಿಲ್ಲ. ಅಗತ್ಯವಿಲ್ಲದ್ದನ್ನು ಸಂಗ್ರಹಿಸುವಂತಿಲ್ಲ. ಮೇಲ್ಮನವಿಯೂ ಕಲೋನ್‌ನ ನ್ಯಾಯಾಲಯದಲ್ಲಿ ಅದೇ ವರ್ಷ ಬಿದ್ದುಹೋಯಿತು.

ಬಳಿಕ ಪರದೆ ಇಳಿಯಿತು. ಯುರೋಪಿನವರಿಗೆ ಮಾತ್ರ ಅಲ್ಲ, ಬೇರ್ಪಡಿಸಿ ನೋಡುವ ತಾಪತ್ರಯ ಬೇಡವೆಂದು ಬಹುತೇಕ ರಿಜಿಸ್ಟ್ರಾರ್‌ಗಳು ಜಗತ್ತಿನ ಎಲ್ಲರಿಗೂ ಇಳಿಸಿದರು. ದಾಖಲೆಯಲ್ಲಿ ಸಂಸ್ಥೆಯ ಹೆಸರು, ರಾಜ್ಯ, ದೇಶ ಉಳಿದವು. ಮಿಕ್ಕ ಸಾಲುಗಳಲ್ಲಿ 'ರಿಡ್ಯಾಕ್ಟೆಡ್ ಫಾರ್ ಪ್ರೈವೆಸಿ' ಎಂಬ ಮೂರು ಪದ. ಇ-ಮೇಲ್ ಬದಲು ಯಾರ ಗುರುತನ್ನೂ ಹೇಳದ ಒಂದು ಮಧ್ಯಸ್ಥ ವಿಳಾಸ ಅಥವಾ ಒಂದು ಫಾರ್ಮ್. ಆದರೆ ಹಿಂದಿನ ಇಪ್ಪತ್ತು ವರ್ಷದ ಪ್ರತಿಗಳನ್ನು ಸಂಗ್ರಹಿಸಿಟ್ಟ ಖಾಸಗಿ ಕಂಪನಿಗಳು ಅವನ್ನು ಮಾರುತ್ತಲೇ ಇವೆ. 2009ರಲ್ಲಿ ಮನೆಯ ವಿಳಾಸ ಬರೆಸಿ ಇನ್ನೂ ಅದೇ ಮನೆಯಲ್ಲಿರುವವರಿಗೆ ಪರದೆಯಿಂದ ಆದ ಲಾಭ ಕಡಿಮೆಯೇ.

ಪರದೆಗೆ ಬೆಲೆಯೂ ಇದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ಯಾವ ನಕಲಿ ತಾಣ ಯಾರದು ಎಂದು ನಿಮಿಷದಲ್ಲಿ ನೋಡುತ್ತಿದ್ದ ಸಂಶೋಧಕರು ಈಗ ಒಂದೊಂದು ರಿಜಿಸ್ಟ್ರಾರ್‌ಗೂ ಅರ್ಜಿ ಬರೆದು ಕಾಯುತ್ತಾರೆ. ಐಕ್ಯಾನ್ 2023ರ ನವೆಂಬರ್‌ನಲ್ಲಿ ಇಂಥ ಅರ್ಜಿಗಳಿಗೆ ಒಂದು ಸಾಮಾನ್ಯ ಕಿಟಕಿ ತೆರೆಯಿತು. ಅದರಲ್ಲಿ ಸೇರುವುದು ಬಿಡುವುದು ರಿಜಿಸ್ಟ್ರಾರ್ ಇಷ್ಟ. ಕಿಟಕಿ ಇದ್ದು ಒಳಗೆ ಗುಮಾಸ್ತನೇ ಇಲ್ಲದ ಕಚೇರಿಗಳ ಅನುಭವ ಇರುವ ಭಾರತೀಯರಿಗೆ ಇದರ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. ಯುರೋಪು ಕೂಡ ತನ್ನ ಕಾನೂನಿನ ಅಡ್ಡ ಪರಿಣಾಮ ಕಂಡು 2022ರ ಡಿಸೆಂಬರ್‌ನ ಸೈಬರ್ ಸುರಕ್ಷತಾ ನಿರ್ದೇಶನದಲ್ಲಿ ತಿದ್ದಿಕೊಂಡಿತು: ನೋಂದಣಿ ವಿವರ ಸರಿಯಾಗಿರಬೇಕು, ವ್ಯಕ್ತಿಗಳದಲ್ಲದ ವಿವರ ಪ್ರಕಟವಾಗಬೇಕು, ನ್ಯಾಯಬದ್ಧ ಕಾರಣ ಇರುವವರು ಕೇಳಿದರೆ 72 ಗಂಟೆಯೊಳಗೆ ಉತ್ತರ ಕೊಡಬೇಕು.

ಈ ಎಲ್ಲ ಜಗ್ಗಾಟದಲ್ಲಿ ಎರಡೂ ಕಡೆಯವರು ಹೆಸರಿನ ಒಡೆಯನ ಬಗ್ಗೆಯೇ ವಾದಿಸಿದರು. ಅವನನ್ನು ತೋರಿಸಬೇಕೇ, ಮುಚ್ಚಬೇಕೇ? ಈ ಉಪನ್ಯಾಸದ ವಾದ ಬೇರೆ ಕಡೆಯಿಂದ ಬರುತ್ತದೆ. ಹೂಈಸ್‌ನ ಮೂಲ ದೋಷ ತೆರೆದಿಟ್ಟದ್ದರಲ್ಲಿ ಇರಲಿಲ್ಲ, ಒಂದೇ ಕಡೆ ತೆರೆದಿಟ್ಟದ್ದರಲ್ಲಿತ್ತು. 43ನೇ ಬಾಗಿಲನ್ನು ತಟ್ಟುವವನು ತನ್ನ ಹೆಸರು ಹೇಳಬೇಕಿಲ್ಲ, ಕಾರಣ ಹೇಳಬೇಕಿಲ್ಲ, ಅವನು ಬಂದು ಹೋದ ಗುರುತು ವಿವರದ ಒಡೆಯನಿಗೆ ಸಿಗುವುದಿಲ್ಲ. 2004ರ ಪರಿಷ್ಕೃತ ತಾಂತ್ರಿಕ ಟಿಪ್ಪಣಿಯೇ ಈ ವಿಧಾನದಲ್ಲಿ ಪ್ರವೇಶ ನಿಯಂತ್ರಣವಿಲ್ಲ, ಗೋಪ್ಯತೆಯ ರಕ್ಷಣೆಯಿಲ್ಲ ಎಂದು ಒಪ್ಪಿಕೊಂಡಿತ್ತು. 1982ರಲ್ಲಿ ಕೇಳುವವನ ಹೆಸರೂ ಅದೇ ಪುಸ್ತಕದಲ್ಲಿ ಇದ್ದುದರಿಂದ ಈ ಕೊರತೆ ಕಾಣಲಿಲ್ಲ. ಕೇಳುವವನು ಇಡೀ ಜಗತ್ತಾದಾಗ 'ಯಾರಿದು' ಎಂಬ ಪ್ರಶ್ನೆಗೆ 'ಕೇಳುವ ನೀವು ಯಾರು' ಎಂದು ಮರುಪ್ರಶ್ನೆ ಹಾಕುವ ಶಕ್ತಿ ವ್ಯವಸ್ಥೆಗೆ ಇರಲಿಲ್ಲ.

ಈಗ ಆ ಶಕ್ತಿ ಬಂದಿದೆ. 2015ರಲ್ಲಿ ರೂಪುಗೊಂಡ ಆರ್‌ಡಿಎಪಿ ಎಂಬ ಹೊಸ ವಿಧಾನದಲ್ಲಿ ಕೇಳುವವರು ಯಾರೆಂದು ನೋಡಿ ಅವರಿಗೆ ತಕ್ಕಷ್ಟು ತೋರಿಸಬಹುದು. ದಾರಿಹೋಕರಿಗೆ ಇಷ್ಟು, ನೋಂದಾಯಿತ ಸಂಶೋಧಕರಿಗೆ ಇನ್ನಷ್ಟು, ನ್ಯಾಯಾಲಯದ ಆದೇಶ ತಂದವರಿಗೆ ಪೂರ್ತಿ. 2025ರ ಜನವರಿ 28ರಿಂದ ಡಾಟ್ ಕಾಂ ಮೊದಲಾದವುಗಳಿಗೆ ಹಳೆಯ ಹೂಈಸ್ ಕಡ್ಡಾಯವಲ್ಲ, ಆರ್‌ಡಿಎಪಿಯೇ ಅಧಿಕೃತ. ಆದರೆ ಸಾಮರ್ಥ್ಯ ಇದ್ದಮಾತ್ರಕ್ಕೆ ಬಳಕೆ ಬರುವುದಿಲ್ಲ. ಈ ಬೀಗದ ಕೈ ಯಾರಿಗೆ, ಯಾವ ದೇಶದ ಪೊಲೀಸರಿಗೆ, ಟೀಕಾಕಾರರನ್ನು ಬೇಟೆಯಾಡುವ ಸರ್ಕಾರಕ್ಕೂ ಇದೇ ಕೈ ಕೊಡಬೇಕೇ ಎಂಬ ಪ್ರಶ್ನೆಗಳಿಗೆ ಯಂತ್ರ ಉತ್ತರಿಸದು. ಕನಿಷ್ಠ, ಕೇಳಿದವರ ಹೆಸರು ಮತ್ತು ಕಾರಣ ದಾಖಲಾಗಿ ಮುಂದೊಂದು ದಿನ ವಿವರದ ಒಡೆಯರಿಗೆ ತಿಳಿಯುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ.

ಇದು ಕನಸಿನ ಮಾತು ಎನ್ನುವವರು ಐಪಿ ಸಂಖ್ಯೆಗಳ ಕಡೆ ನೋಡಬೇಕು. ಏಷ್ಯಾ ಪೆಸಿಫಿಕ್ ವಲಯದ ಏಪಿನಿಕ್ 2004ರಿಂದಲೇ ಸೇವಾ ಕಂಪನಿಗಳು ತಮ್ಮ ಗ್ರಾಹಕರಿಗೆ ಹಂಚಿದ ಸಂಖ್ಯೆಗಳ ವಿವರ ಪ್ರಕಟಿಸಲೇಬೇಕೆಂಬುದನ್ನು ಬಿಟ್ಟಿತು. ಉತ್ತರ ಅಮೆರಿಕದ ಆರಿನ್ ನಿಯಮದಂತೆ ಎಂಟು ಸಂಖ್ಯೆಗಳ ಕಟ್ಟು ಪಡೆದ ಗ್ರಾಹಕನ ವಿವರ ಪುಸ್ತಕಕ್ಕೆ ಹೋಗುತ್ತದೆ. ಆದರೆ ಆತ ಮನೆಬಳಕೆಯ ಗ್ರಾಹಕನಾದರೆ ಹೆಸರಿನ ಬದಲು 'ಖಾಸಗಿ ಗ್ರಾಹಕ' ಎಂದಷ್ಟೇ ಬರೆದು ಬೀದಿಯ ವಿಳಾಸ ಬಿಡಬಹುದು. ಬೆಂಗಳೂರಿನ ಒಂದು ಮನೆಯ ವೈಫೈ ಬಳಸುವ ಸಂಖ್ಯೆಯನ್ನು ಯಾರಾದರೂ ಹುಡುಕಿದರೆ ಸಿಗುವುದು ಸೇವಾ ಕಂಪನಿಯ ಹೆಸರು ಮತ್ತು ದೂರು ಕೊಡಬೇಕಾದ ಇ-ಮೇಲ್. ಆ ಹೊತ್ತಿಗೆ ಆ ಸಂಖ್ಯೆ ಯಾವ ಮನೆಯಲ್ಲಿತ್ತು ಎಂಬುದು ಕಂಪನಿಗೆ ಮಾತ್ರ ಗೊತ್ತು. ಪೊಲೀಸರು ಬೇಕಾದರೆ ಲಿಖಿತ ನೋಟಿಸ್ ಕೊಟ್ಟು ಪಡೆಯುತ್ತಾರೆ. ಹೊಣೆ ಹೊತ್ತವರು ಬಹಿರಂಗ, ಮನೆ ಮರೆ, ಕೇಳುವವರ ಹೆಸರು ಕಡತದಲ್ಲಿ. ಹೆಸರುಗಳ ಲೋಕ ಎರಡು ದಶಕ ಜಗಳವಾಡಿದ ಏರ್ಪಾಡು ಸಂಖ್ಯೆಗಳ ಲೋಕದಲ್ಲಿ ಸದ್ದಿಲ್ಲದೆ ನಡೆದುಬಂದಿದೆ.

ಭಾರತದ ಕಡೆಗೆ ಬಂದರೆ ಚಿತ್ರ ಇನ್ನೂ ಗೋಜಲು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರು ವರ್ಷದ ಬಳಿಕ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದರೆ ಅದರ ಮೂರನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ವ್ಯಕ್ತಿ ತಾನೇ ಬಹಿರಂಗಪಡಿಸಿದ, ಅಥವಾ ಭಾರತದ ಕಾನೂನಿನ ಕಟ್ಟಳೆಯಂತೆ ಬಹಿರಂಗವಾದ ವಿವರಕ್ಕೆ ಕಾಯ್ದೆ ಅನ್ವಯಿಸದು. ಫಾರ್ಮ್ ತುಂಬದಿದ್ದರೆ ಹೆಸರೇ ಸಿಗದಿದ್ದಾಗ ತುಂಬಿದವನು ತಾನಾಗಿ ಬಹಿರಂಗಪಡಿಸಿದ ಎನ್ನಬಹುದೇ? ಕರಾರಿನ ಶರತ್ತು ಕಾನೂನಿನ ಕಟ್ಟಳೆ ಆಗುತ್ತದೆಯೇ? ಆಗದು ಎಂಬುದೇ ನೇರವಾದ ಓದು.

ದೆಹಲಿ ಹೈಕೋರ್ಟಿನಲ್ಲಿ ಮಾತ್ರ ಗಾಳಿ ಎದುರಿನಿಂದ ಬೀಸಿತು. ಹೆಸರಾಂತ ಕಂಪನಿಗಳ ಡೀಲರ್‌ಶಿಪ್ ಕೊಡಿಸುತ್ತೇವೆಂದು ನಕಲಿ ತಾಣ ತೆರೆದು ಜನರಿಂದ ಮುಂಗಡ ವಸೂಲು ಮಾಡಿದ ಪ್ರಕರಣಗಳು ಅಲ್ಲಿ ಸಾಲುಗಟ್ಟಿದವು. 2022ರಲ್ಲಿ ಡಾಬರ್ ಕಂಪನಿಯ ದಾವೆಯಲ್ಲಿ, ಗ್ರಾಹಕ ಕೇಳದೆಯೇ ಗೋಪ್ಯತೆಯ ಮುಸುಕು ಹೊದಿಸುವ ರಿಜಿಸ್ಟ್ರಾರ್ ಪರಿಪಾಠವನ್ನು ನ್ಯಾಯಾಲಯ ಪ್ರಶ್ನಿಸಿತು. ಪ್ರತಿವಾದಿ ಯಾರೆಂದು ಗೊತ್ತಿಲ್ಲದಾಗ ನಮ್ಮ ನ್ಯಾಯಾಲಯಗಳು ಅವನಿಗೆ ಅಶೋಕ್ ಕುಮಾರ್ ಎಂದು ಹೆಸರಿಡುತ್ತವೆ. ಆ ದಾವೆಯ ಶೀರ್ಷಿಕೆಯಲ್ಲಿ ಡಾಬರ್ ಎದುರು ನಿಂತವನೂ ಅಶೋಕ್ ಕುಮಾರನೇ. 'ಯಾರಿದು' ಎಂಬ ಪ್ರಶ್ನೆಗೆ ಭಾರತದ ಕಾನೂನು ಕೊಟ್ಟ ಉತ್ತರ ಇದೊಂದೇ! ಮೋಸಹೋದವರ ಸಂಕಟ ನಿಜ, ನ್ಯಾಯಾಲಯದ ಅಸಹನೆಗೂ ಕಾರಣವಿದೆ. ಆದರೆ ಮುಸುಕು ತೆಗೆದ ಮಾತ್ರಕ್ಕೆ ಅಶೋಕ್ ಕುಮಾರನ ನಿಜ ಮುಖ ಕಾಣುವುದಿಲ್ಲ. ಮುಸುಕಿನ ಹಿಂದೆ ಇರುವುದು ಇನ್ನೊಂದು ಕಟ್ಟುಕಥೆಯ ವಿಳಾಸ, ಇನ್ನಾರದೋ ಸಿಮ್. ಅವನನ್ನು ಹಿಡಿಯಲು ಬೇಕಾದದ್ದು ಹೆಸರು ಮಾರುವಾಗಲೇ ಗುರುತು ಪರಿಶೀಲಿಸುವ ರಿಜಿಸ್ಟ್ರಾರ್, ಮತ್ತು ತನಿಖಾಧಿಕಾರಿ ಕೇಳಿದಾಗ ಗಂಟೆಗಳಲ್ಲಿ ಉತ್ತರಿಸುವ ಏರ್ಪಾಡು. ಪರಿಶೀಲಿಸಿದ್ದನ್ನು ಬೀದಿಯ ಗೋಡೆಗೆ ಅಂಟಿಸುವ ಅಗತ್ಯ ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

ಕನ್ನಡಿಗರಿಗೆ ಸಂಬಂಧಿಸಿದ ಇನ್ನೊಂದು ಸಣ್ಣ ಸಂಗತಿ ಉಳಿದಿದೆ. ಹಳೆಯ ಹೂಈಸ್‌ಗೆ ಯಾವ ಲಿಪಿಯಲ್ಲಿ ಉತ್ತರ ಬರುತ್ತಿದೆ ಎಂದು ಹೇಳುವ ಬಗೆಯೇ ಇರಲಿಲ್ಲ. ಹಾಗಾಗಿ ಕನ್ನಡದ ಹೆಸರುಗಳೆಲ್ಲ ಅಲ್ಲಿ ಇಂಗ್ಲಿಷ್ ಅಕ್ಷರದ ವೇಷ ಹಾಕಿಯೇ ಕೂರಬೇಕಿತ್ತು. ಒಬ್ಬನೇ ಮನುಷ್ಯನ ಹೆಸರು ನಾಲ್ಕು ಕಾಗುಣಿತದಲ್ಲಿ ಬರುತ್ತಿತ್ತು. ಆರ್‌ಡಿಎಪಿ ಎಲ್ಲ ಲಿಪಿಗಳನ್ನೂ ಹೊರಬಲ್ಲದು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಅಂತ್ಯವಿರುವ ಡೊಮೇನ್ ಈಗ ಸಿಗುತ್ತದೆ, ಅದರ ಒಡೆಯನ ಹೆಸರನ್ನು ಒತ್ತಕ್ಷರ ಸಮೇತ ಬರೆದಿಡಲು ತಾಂತ್ರಿಕ ಅಡ್ಡಿಯಿಲ್ಲ. ಆದರೆ ಹೊರಗಿನಿಂದ ನೋಡುವವರಿಗೆ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಆ ಮೂರು ಇಂಗ್ಲಿಷ್ ಪದಗಳೇ.